ಹಳೇ ಬಿಎಂಎಕ್ಸ್ ಸೈಕಲ್ ಸರಿಮಾಡಿಸುವುದು: ದುಡ್ಡು ಎಲ್ಲಿ ಸೋರುತ್ತದೆ, ಎಲ್ಲಿ ತಡೆಯಬಹುದು

ಹಳೇ ಬಿಎಂಎಕ್ಸ್ (ಮಣ್ಣಿನ ದಿಬ್ಬ ಹಾರಲೆಂದೇ ಮಾಡಿದ, 20 ಇಂಚಿನ ಚಿಕ್ಕ ಚಕ್ರದ ಸೈಕಲ್) ಒಂದು ಕೈಗೆ ಸಿಕ್ಕ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಸ್ಪ್ಯಾನರ್ ಹಿಡಿದು ಬಿಚ್ಚುವುದು. ಎರಡನೆಯದು ಫ್ರೇಮನ್ನು ಪೇಂಟಿಗೆ ಕೊಟ್ಟು ಬರುವುದು. ಬಿಡಿಭಾಗ ಹುಡುಕುವ ಯೋಚನೆ ಬರುವುದು ಆಮೇಲೆ. ಈ ದಾರಿಯಲ್ಲಿ ಹೋದರೆ ಖರ್ಚು ಕೈಮೀರುವುದು ಗ್ಯಾರಂಟಿ. ಇದನ್ನೇ ತಿರುಗಿಸಿ ನೋಡಿ. ಮೊದಲು ಸೈಕಲ್ ಯಾವುದು ಅಂತ ಗುರುತು ಹಿಡಿಯಬೇಕು. ಆಮೇಲೆ ಅಳತೆ, ಆಮೇಲೆ ತೊಳೆಯುವುದು, ಆಮೇಲೆ ಬಿಡಿಭಾಗ. ಬಣ್ಣ ಬೇಕಿದ್ದರೆ ಕಟ್ಟಕಡೆಗೆ. ಹಳೇ ಬಿಎಂಎಕ್ಸ್ ಕೆಲಸದಲ್ಲಿ ದುಡ್ಡು ಉಳಿಯುವುದು ಅಗ್ಗದ ಅಂಗಡಿ ಹುಡುಕುವುದರಿಂದಲ್ಲ, ಕೆಲಸದ ಸರದಿಯಿಂದ.

ಈ ಹುಚ್ಚು ಇರುವವರೆಲ್ಲ ಬೆಂಗಳೂರಿಗೇ ಓಡಬೇಕು ಅನ್ನುವ ಮಾತಿದೆ. ತುಮಕೂರಿನವರಿಗೆ ಅದು ಅರ್ಧ ಮಾತ್ರ ನಿಜ. ಹಿರೇಹಳ್ಳಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳಿರುವ ಊರಿದು. ಲೇತ್ ಕೆಲಸಕ್ಕೆ, ವೆಲ್ಡಿಂಗ್‌ಗೆ, ಪೌಡರ್ ಕೋಟಿಂಗ್‌ಗೆ ಊರು ಬಿಡಬೇಕಾಗಿಲ್ಲ. ಕ್ರೋಮ್‌ಗೆ ಹೋಗಲೇಬೇಕೆಂದರೂ ಪೀಣ್ಯ ಇರುವುದು ನಮ್ಮ ಹೆದ್ದಾರಿಯ ಮೇಲೇ.

ಬೆಲೆ ಏರಿದ್ದು ಯಾಕೆ

ಬಿಎಂಎಕ್ಸ್ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮೋಟೊಕ್ರಾಸ್ ಬೈಕ್ (ಮಣ್ಣಿನ ಹಾದಿಯ ರೇಸಿನ ಮೋಟಾರ್ ಬೈಕ್) ಓಡಿಸುವ ಆಸೆ ಇದ್ದ ಹುಡುಗರು ಇದ್ದ ಸೈಕಲ್ಲಿನಲ್ಲೇ ಮಣ್ಣಿನ ದಿಬ್ಬ ಹಾರತೊಡಗಿದರು. ಶ್ವಿನ್ ಕಂಪನಿ 1963ರಲ್ಲಿ ತಂದಿದ್ದ 20 ಇಂಚಿನ ಚಕ್ರದ ಸ್ಟಿಂಗ್-ರೇ ಅದಕ್ಕೆ ಚೆನ್ನಾಗಿ ಹೊಂದಿತು. ಆಮೇಲೆ ಇದಕ್ಕೆಂದೇ ಕಂಪನಿಗಳು ಹುಟ್ಟಿದವು. ಮಂಗೂಸ್ 1974ರಲ್ಲಿ, ಜಿಟಿ 1979ರಲ್ಲಿ. ರೆಡ್‌ಲೈನ್, ಹಾರೋ, ಡೈಮಂಡ್‌ಬ್ಯಾಕ್, ಜೊತೆಗೆ ಜಪಾನಿನ ಹಳೇ ಕಂಪನಿ ಕುವಾಹರಾ ಕೂಡ, ಹೀಗೆ ಪಟ್ಟಿ ಬೆಳೆಯಿತು. ಆಗಿನ ಹುಡುಗರಿಗೆ ಈಗ ಐವತ್ತು ದಾಟಿದೆ. ಕೈಯಲ್ಲಿ ದುಡ್ಡಿದೆ. ಆಗ ಅಪ್ಪ ಕೊಡಿಸದ ಸೈಕಲ್ಲನ್ನು ಈಗ ಹರಾಜಿನಲ್ಲಿ ಎಷ್ಟಾದರೂ ಕೊಟ್ಟು ಕೊಳ್ಳುತ್ತಾರೆ. ಕೊಳ್ಳುವವರು ಜಾಸ್ತಿಯಾದರು, ಹಳೇ ಸಾಮಾನು ಇದ್ದಷ್ಟೇ ಇದೆ.

ಇದು ಹೊರದೇಶದ ಕಥೆ. ನಮಗೆ ಇದರ ಜೊತೆ ರೂಪಾಯಿಯ ಕಥೆಯೂ ಸೇರಿಕೊಂಡಿದೆ. 2010ರಲ್ಲಿ ಡಾಲರ್ ಒಂದಕ್ಕೆ ಸುಮಾರು 45 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅಂದರೆ ನೂರು ಡಾಲರಿನ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅಲ್ಲಿ ಒಂದು ಪೈಸೆಯೂ ಏರದೆ ನೂರು ಡಾಲರಿಗೇ ಸಿಕ್ಕರೂ ನಮ್ಮ ಜೇಬಿನಿಂದ ಹೋಗುವುದು ಎರಡರಷ್ಟು. ಸಾಗಣೆ, ಸುಂಕ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಒಳ್ಳೆಯ ಸುದ್ದಿಯೂ ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಾಗಾಗಿ ಇಲ್ಲೇ ಸಿಗುವ ಸಾಮಾನನ್ನು ಇಲ್ಲೇ ಕೊಳ್ಳಲು ಇನ್ನೊಂದು ಕಾರಣ ಸಿಕ್ಕಿತು.

ಮೊದಲು: ಇದು ಯಾವ ಸೈಕಲ್?

ನಮ್ಮ ಕಡೆ ಸಿಗುವ ಹಳೇ "ಬಿಎಂಎಕ್ಸ್" ಎರಡು ಜಾತಿ. ಒಂದು ನಿಜವಾಗಿ ಹೊರದೇಶದಿಂದ ಬಂದದ್ದು. ಗಲ್ಫಿನಿಂದಲೋ ಅಮೆರಿಕದಿಂದಲೋ ಯಾರೋ ಲಗೇಜಿನಲ್ಲಿ ತಂದದ್ದು, ಇಲ್ಲವೇ ಬೆಂಗಳೂರಿನ ಸಂಗ್ರಾಹಕರ ಕೈಯಿಂದ ಬಂದದ್ದು. ಇನ್ನೊಂದು ನಮ್ಮ ದೇಶದ ಕಂಪನಿಗಳೇ ಮಕ್ಕಳಿಗಾಗಿ ಮಾಡಿದ ಬಿಎಂಎಕ್ಸ್ ಮಾದರಿಯ ಸೈಕಲ್. ಎತ್ತರದ ಹ್ಯಾಂಡಲ್, ಅದರ ಮೇಲೊಂದು ಅಡ್ಡಪಟ್ಟಿ, ಸ್ಪಂಜಿನ ಪ್ಯಾಡ್, ದಪ್ಪ ಟೈರು. ನೋಡಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಮಾರುಕಟ್ಟೆಯಲ್ಲಿ ಮಾತ್ರ ಅಜಗಜಾಂತರ.

ಎರಡನೇ ಜಾತಿಯದ್ದು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಖುಷಿಯಿಂದ ಸರಿಮಾಡಿಸಿ. ಆದರೆ ಅದಕ್ಕೆ ಕ್ರೋಮ್, ಆಮದು ಗ್ರಿಪ್ ಅಂತ ಸುರಿಯಬೇಡಿ. ಆ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ. ಅದಕ್ಕೆ ಬೇಕಾದ ಮುಕ್ಕಾಲು ಸಾಮಾನು ಊರ ಸೈಕಲ್ ಅಂಗಡಿಯಲ್ಲೇ ಇದೆ.

ಮೊದಲನೇ ಜಾತಿಯದ್ದೇ ಅಂತ ಅನುಮಾನ ಬಂದರೆ ಹೀಗೆ ನೋಡಿ. ಸೀಟಿನ ಕೆಳಗಿನ ಕೊಳವೆಯ ಮೇಲೆ "4130" ಅನ್ನುವ ಸ್ಟಿಕರಿನ ಅವಶೇಷ ಇದೆಯಾ? ಅದು ಕ್ರೋಮೋಲಿ ಉಕ್ಕಿನ ನಂಬರು, ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು. ಕಮ್ಮಿ ದಪ್ಪದಲ್ಲೇ ಗಟ್ಟಿ ಇರುವುದರಿಂದ ಫ್ರೇಮ್ ಹಗುರ. ಸ್ಟಿಕರ್ ಪೂರ್ತಿ ಓದಿ. ಮುಖ್ಯ ಕೊಳವೆಗಳು ಮಾತ್ರ 4130, ಹಿಂದಿನ ಭಾಗ ಸಾದಾ ಉಕ್ಕು ಇರುವ ಫ್ರೇಮುಗಳೂ ಬೇಕಾದಷ್ಟಿವೆ. ಆಮೇಲೆ ಸೈಕಲ್ ತಲೆಕೆಳಗು ಮಾಡಿ, ಪೆಡಲ್ ಬುಡದ ಕೆಳಗೆ ಮತ್ತು ಹಿಂದಿನ ಚಕ್ರ ಕೂರುವ ಜಾಗದಲ್ಲಿ ಸೀರಿಯಲ್ ನಂಬರ್ ಹುಡುಕಿ. ಸಿಕ್ಕರೆ ಸೀಮೆಸುಣ್ಣ ಉಜ್ಜಿ ಫೋಟೋ ತೆಗೆದುಕೊಳ್ಳಿ.

ವಯಸ್ಸು ತಿಳಿಯಲು ಇನ್ನೊಂದು ಒಳ್ಳೆಯ ಉಪಾಯವಿದೆ. ಬಿಡಿಭಾಗ ಶಿಮಾನೋ ಕಂಪನಿಯದ್ದಾಗಿದ್ದರೆ ಅದರ ಹಿಂಬದಿಯಲ್ಲಿ ಎರಡು ಸಣ್ಣ ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಮೊದಲ ಅಕ್ಷರ ವರ್ಷ: ಎ ಅಂದರೆ 1976, ಬಿ ಅಂದರೆ 1977, ಹೀಗೇ ಮುಂದಕ್ಕೆ. ಎರಡನೆಯದು ತಿಂಗಳು, ಎ ಅಂದರೆ ಜನವರಿ. ಕೆ-ಸಿ ಅಂತ ಇದ್ದರೆ 1986ರ ಮಾರ್ಚ್. ಬ್ರೇಕು, ಹಬ್ಬು (ಚಕ್ರದ ನಡುವಿನ ಗುಂಬ), ಕ್ರ್ಯಾಂಕು ಮೂರರಲ್ಲೂ ಹತ್ತಿರ ಹತ್ತಿರದ ತಿಂಗಳುಗಳಿದ್ದರೆ ಸೈಕಲ್ ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ ಎಂದು ನಂಬಬಹುದು. ಅಂಥದ್ದರ ಒಂದು ನಟ್ಟನ್ನೂ ಗುಜರಿಗೆ ಹಾಕಬೇಡಿ.

ಕೊನೆಯದಾಗಿ ಬಿರುಕು. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಕೆಳಗಿನ ಕೊಳವೆ ಬಂದು ಸೇರುವ ವೆಲ್ಡಿಂಗ್ ಹತ್ತಿರ, ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ತುದಿಗಳಲ್ಲಿ ಟಾರ್ಚ್ ಹಿಡಿದು ನೋಡಿ. ಪೇಂಟಿನಲ್ಲಿ ಕೂದಲೆಳೆಯಷ್ಟು ಗೆರೆ, ಅದರಿಂದ ತುಕ್ಕಿನ ನೀರು ಇಳಿದ ಗುರುತು ಇದ್ದರೆ ಅನುಮಾನ ಪಡಿ. ಬಿರುಕು ಬಿಟ್ಟ ಫೋರ್ಕಿಗೆ ವೆಲ್ಡಿಂಗ್ ಮಾಡಿಸಿ ಓಡಿಸುವ ಧೈರ್ಯ ಬೇಡ. ಫ್ರೇಮೇ ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಬಿಡಿಭಾಗ ಮಾರಿದರೂ ಲಾಭವೇ.

ಯಾವ ಮಟ್ಟದವರೆಗೆ?

ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬಾಯಲ್ಲಿ ಹೇಳಿಕೊಂಡದ್ದು ಮೊದಲ ಹೊಳೆಯುವ ಬಿಡಿಭಾಗ ಕಂಡಾಗ ಹಾರಿಹೋಗುತ್ತದೆ.

ಇದ್ದ ಹಾಗೇ ತೊಳೆದು, ಗ್ರೀಸ್ ಹಾಕಿ, ಓಡುವ ಹಾಗೆ ಮಾಡುವುದು ಒಂದು ದಾರಿ. ಗೀಚು, ಮಾಸಿದ ಸ್ಟಿಕರ್ ಎಲ್ಲ ಹಾಗೇ ಇರುತ್ತವೆ. ಓಡಿಸುವುದೇ ಮುಖ್ಯ ಅಂತ ಹೊಸ ಬಿಡಿಭಾಗ, ಹೊಸ ಬಣ್ಣ ಹಾಕಿ ಕಟ್ಟುವುದು ಇನ್ನೊಂದು. ಅಂಗಡಿಯಿಂದ ಅವತ್ತೇ ತಂದ ಹಾಗೆ, ಅದೇ ವರ್ಷದ ಬಿಡಿಭಾಗ ಹುಡುಕಿ ಕೂರಿಸುವುದು ಮೂರನೆಯದು. ಮೂರನೆಯದಕ್ಕೆ ಖರ್ಚಿನ ಮಿತಿ ಅಂತಲೇ ಇಲ್ಲ. ಅದನ್ನು ಆರಿಸಿಕೊಳ್ಳುವವರು ಈ ಲೇಖನವನ್ನು ಇಲ್ಲಿಗೇ ಮುಚ್ಚಬಹುದು, ಹೇಗೂ ನಮ್ಮ ಮಾತು ಕೇಳುವುದಿಲ್ಲ!

ನನ್ನ ಮತ ಕೇಳಿದರೆ ಮೊದಲನೆಯದೇ ಸೈ. ಮೂಲ ಬಣ್ಣ, ಮೂಲ ಸ್ಟಿಕರ್ ಉಳಿದಿರುವ ಸೈಕಲ್ಲಿಗೆ ಸಂಗ್ರಾಹಕರಲ್ಲಿ ಬೆಲೆ ಜಾಸ್ತಿ. ಚೆಂದ ಕಾಣಲಿ ಅಂತ ಅದನ್ನು ಕೆರೆದು ಹೊಸ ಬಣ್ಣ ಹೊಡೆಸುವುದು ದುಡ್ಡು ಕೊಟ್ಟು ಬೆಲೆ ಇಳಿಸಿಕೊಂಡ ಹಾಗೆ. ಎರಡನೆಯದು ಸರಿಹೋಗುವುದು ಪೇಂಟ್ ಆಗಲೇ ಹೋಗಿರುವ, ಯಾರೋ ಬ್ರಷ್‌ನಲ್ಲಿ ಆಯಿಲ್ ಪೇಂಟ್ ಬಳಿದಿರುವ ಫ್ರೇಮುಗಳಿಗೆ.

ಅಳತೆ: ಇಲ್ಲಿ ಒಂದು ಗಂಟೆ ಕೂತರೆ ಸಾವಿರಗಳು ಉಳಿಯುತ್ತವೆ

ಬಿಡಿಭಾಗಕ್ಕೆ ಹೋಗುವ ದುಡ್ಡಿನಲ್ಲಿ ದೊಡ್ಡ ಪಾಲು ವ್ಯರ್ಥವಾಗುವುದು ಕೂರದೇ ಇರುವ ಬಿಡಿಭಾಗಕ್ಕೆ. ಹಳೇ ಬಿಎಂಎಕ್ಸ್‌ನಲ್ಲಿ ಅಮೆರಿಕದ ಅಳತೆ, ಬ್ರಿಟನ್ನಿನ ಅಳತೆ, ಜಪಾನಿನ ಅಳತೆ ಎಲ್ಲ ಕಲಸಿಹೋಗಿವೆ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್ (ಮಿಲಿಮೀಟರಿನ ಸಣ್ಣ ಭಾಗವನ್ನೂ ಅಳೆಯುವ ಸಾಧನ) ಬೇಕು. ಊರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇದ್ದದ್ದು ನೆನಪಿದೆಯಲ್ವಾ? 2016ರಲ್ಲಿ ಅದು ಮುಚ್ಚಿತು. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ಯಾರಾದರೂ ನಿಮ್ಮ ಬೀದಿಯಲ್ಲಿದ್ದರೆ ಕೇಳಿ ನೋಡಿ. ವರ್ನಿಯರ್ ಹಿಡಿಯುವುದನ್ನು ಅವರಿಗಿಂತ ಚೆನ್ನಾಗಿ ಹೇಳಿಕೊಡುವವರು ಸಿಗುವುದಿಲ್ಲ.

ಟೈರ್‌ನಿಂದ ಶುರು ಮಾಡಿ. "20 ಇಂಚು" ಅಂತ ಬರೆದ ಟೈರುಗಳಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ. ಅಗಲವನ್ನು ದಶಾಂಶದಲ್ಲಿ ಬರೆದಿದ್ದರೆ, ಅಂದರೆ 20 x 1.75 ಅಥವಾ 20 x 2.125 ಅಂತಿದ್ದರೆ, ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 406 ಮಿ.ಮೀ. ಅಗಲವನ್ನು ಭಿನ್ನರಾಶಿಯಲ್ಲಿ, 20 x 1 3/8 ಅಂತ ಬರೆದಿದ್ದರೆ 451 ಮಿ.ಮೀ. ರೇಸಿಂಗ್‌ಗೆ ಮಾಡಿದ ಕೆಲವು ಹಳೇ ಬಿಎಂಎಕ್ಸ್‌ಗಳಲ್ಲಿ ಈ ಎರಡನೇ ಅಳತೆ ಇರುತ್ತದೆ. ಒಂದರ ಟೈರು ಇನ್ನೊಂದಕ್ಕೆ ಏನು ಮಾಡಿದರೂ ಕೂರುವುದಿಲ್ಲ. ಹಳೇ ಟೈರಿನ ಪಕ್ಕದಲ್ಲಿ ಅಳತೆ ಅಳಿಸಿಹೋಗಿದ್ದರೆ ರಿಮ್ಮನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ.

ಎರಡನೆಯದು ಹ್ಯಾಂಡಲ್ ಸ್ಟೆಮ್. ಫೋರ್ಕಿನ ಕೊಳವೆಯೊಳಗೆ ಇಳಿಯುವ ಅದರ ಕಾಂಡದ ದಪ್ಪ ಹಳೇ ಬಿಎಂಎಕ್ಸ್‌ನಲ್ಲಿ ಸಾಮಾನ್ಯವಾಗಿ 21.1 ಮಿ.ಮೀ. ನಮ್ಮ ಸಾದಾ ಸೈಕಲ್ಲಿನದು 22.2. ಒಂದು ಮಿಲಿಮೀಟರ್ ತಾನೇ ಅಂತ ಅರದಿಂದ ಉಜ್ಜಿ ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಹ್ಯಾಂಡಲ್ ಕೈಗೆ ಬಂದರೆ ಹಲ್ಲು ಉಳಿಯುವುದಿಲ್ಲ.

ಮೂರನೆಯದು ಪೆಡಲ್. ಎರಡು ಕ್ರ್ಯಾಂಕ್ ತೋಳೂ ಒಂದೇ ಬಗ್ಗಿಸಿದ ಕಬ್ಬಿಣದ ತುಂಡಾಗಿದ್ದರೆ ಅದು ಒನ್ ಪೀಸ್ ಕ್ರ್ಯಾಂಕ್, ಪೆಡಲ್ ಮರೆ (ತಿರುಗಿಸಿ ಕೂರಿಸುವ ಸುರುಳಿ ಗೆರೆ, ಥ್ರೆಡ್) ಅರ್ಧ ಇಂಚಿನದು. ತೋಳುಗಳು ಬೇರೆ, ನಡುವಿನ ಆಕ್ಸಲ್ ಬೇರೆ ಇದ್ದರೆ 9/16 ಇಂಚು. ಅಂಗಡಿಯಲ್ಲಿ ಎರಡೂ ಸಿಗುತ್ತವೆ, ಕೇಳುವಾಗ ಸರಿಯಾಗಿ ಹೇಳಬೇಕು ಅಷ್ಟೇ. ಸೀಟ್ ಕಂಬದ ದಪ್ಪವನ್ನೂ ಬರೆದುಕೊಳ್ಳಿ. ಚೈನಿನ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಗೇರ್ ಇಲ್ಲದ ಸಾದಾ ಸೈಕಲ್ಲಿಗೆ ಹಾಕುವ 1/2 x 1/8 ಅಳತೆಯ ಚೈನೇ ಸಾಕು.

ಬಿಚ್ಚುವುದು

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬ್ರೇಕ್ ಕೇಬಲ್ ಯಾವ ದಾರಿಯಲ್ಲಿ ಹೋಗಿದೆ, ವಾಷರ್ ಯಾವ ಕಡೆ ಇದೆ, ಎಲ್ಲ ಕಾಣಬೇಕು. ಪ್ರತಿ ಭಾಗದ ನಟ್ಟು, ಬಾಲ್ಸ್ (ಬೇರಿಂಗಿನ ಉಕ್ಕಿನ ಗುಂಡು), ಆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಬೇರೆ ಬೇರೆ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆಯಿರಿ.

ಒನ್ ಪೀಸ್ ಕ್ರ್ಯಾಂಕ್ ಬಿಚ್ಚುವಾಗ ಒಂದು ಮಾತು. ಚೈನ್ ಇಲ್ಲದ ಎಡಬದಿಯ ನಟ್ಟಿಗೂ ಅದರ ಒಳಗಿನ ಕೋನ್‌ಗೂ ಉಲ್ಟಾ ಮರೆ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯ ಪೆಡಲ್ಲೂ ಹಾಗೆಯೇ. ಇದು ಗೊತ್ತಿಲ್ಲದೆ ಜೋರು ಮಾಡಿ ಮರೆ ಕಿತ್ತರೆ, ಎಷ್ಟೋ ವರ್ಷ ಉಳಿದು ಬಂದ ಕ್ರ್ಯಾಂಕು ಐದು ನಿಮಿಷದಲ್ಲಿ ಗುಜರಿ. ನಟ್ಟು ಕದಲದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ಹಾಕಿ. ಅಲ್ಯೂಮಿನಿಯಂ ಸೀಟ್ ಕಂಬ ಉಕ್ಕಿನ ಕೊಳವೆಯಲ್ಲಿ ಕಚ್ಚಿಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ, ಅನುಭವ ಇರುವ ಮೆಕ್ಯಾನಿಕ್ ಹತ್ತಿರ ಕೊಂಡೊಯ್ಯಿರಿ. ಅವರ ಕೂಲಿ ಫ್ರೇಮಿಗಿಂತ ಅಗ್ಗ.

ತೊಳೆಯುವುದು, ತುಕ್ಕು ತೆಗೆಯುವುದು

ಇದು ಅತ್ಯಂತ ಅಗ್ಗದ ಹಂತ, ಫಲ ಅತ್ಯಂತ ಜಾಸ್ತಿ. "ಹೊಸದಾಗಿ ಕ್ರೋಮ್ ಮಾಡಿಸಲೇಬೇಕು" ಅಂತ ಅನ್ನಿಸುವ ಎಷ್ಟೋ ಹ್ಯಾಂಡಲ್‌ಗಳು ತೊಳೆದ ಮೇಲೆ ಬೇರೆಯೇ ಕಾಣುತ್ತವೆ.

ಮೊದಲು ಹಳೇ ಗ್ರೀಸ್. ಡೀಸೆಲ್ಲಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು. ಈ ಕೆಲಸ ಬಯಲಲ್ಲಿ ಮಾಡಿ, ಬೀಡಿ ಸಿಗರೇಟು ದೂರ ಇರಲಿ.

ಕ್ರೋಮ್ ಮೇಲೆ ಚುಕ್ಕೆ ಚುಕ್ಕೆ ತುಕ್ಕಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದು, ಹಾಗಾಗಿ ಗೀಚು ಬೀಳುವುದು ಕಮ್ಮಿ, ತುಕ್ಕು ಮಾತ್ರ ಎದ್ದು ಬರುತ್ತದೆ. ಮರಳು ಕಾಗದ, ಪಾತ್ರೆ ಉಜ್ಜುವ ತಂತಿ ಬೇಡವೇ ಬೇಡ. ಉಜ್ಜಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಮೇಣದ ಪಾಲಿಶ್ ಹಚ್ಚಿ. ಚುಕ್ಕೆ ಇದ್ದ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿ ಉಳಿಯುತ್ತದೆ. ಎರಡು ಅಡಿ ದೂರದಿಂದ ಯಾರಿಗೂ ಕಾಣುವುದಿಲ್ಲ.

ನಟ್ಟು ಬೋಲ್ಟು, ಚೈನ್‌ವೀಲ್ ತರಹದ ಉಕ್ಕಿನ ಭಾಗಗಳಲ್ಲಿ ತುಕ್ಕು ಜಾಸ್ತಿ ಇದ್ದರೆ ಆಕ್ಸಾಲಿಕ್ ಆಸಿಡ್. ಪುಡಿ ರೂಪದಲ್ಲಿ ಸಿಗುತ್ತದೆ. ಬಕೆಟ್ ನೀರಿಗೆ ಒಂದೆರಡು ಚಮಚ ಹಾಕಿ, ಭಾಗಗಳನ್ನು ಮುಳುಗಿಸಿ, ಆಗಾಗ ತೆಗೆದು ನೋಡುತ್ತಿರಿ. ಇದು ವಿಷ. ಕೈಗವಸು, ಕನ್ನಡಕ ಬೇಕು, ಮಕ್ಕಳ ಕೈಗೆ ಸಿಗಬಾರದು, ಪುಡಿ ಮೂಗಿಗೆ ಹೋಗಬಾರದು. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಒರೆಸಬೇಕು. ಬಣ್ಣದ ಅಲ್ಯೂಮಿನಿಯಂ ಭಾಗಗಳನ್ನು, ಅಂದರೆ ಕೆಂಪು, ನೀಲಿ, ಬಂಗಾರದ ಬಣ್ಣದ ರಿಮ್ಮು, ಸ್ಟೆಮ್ಮುಗಳನ್ನು ಇದರಲ್ಲಿ ಹಾಕಬೇಡಿ. ಬಣ್ಣ ಬಿಟ್ಟರೆ ಮತ್ತೆ ಬರುವುದಿಲ್ಲ.

ಹುಣಸೆಹಣ್ಣು ಹಾಕಿದರೆ ಆಗಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ತುಮಕೂರಿನಲ್ಲಿ ಹುಣಸೆಗೆ ಬರವೇ? ದೊಡ್ಡ ಹುಣಸೆ ಮಾರುಕಟ್ಟೆಯೇ ಇದೆ. ಹುಣಸೆಯ ಹುಳಿಗೆ ಸಣ್ಣಪುಟ್ಟ ತುಕ್ಕು ಬಿಡುತ್ತದೆ, ಆದರೆ ಕೆಲಸ ನಿಧಾನ, ಸಿಪ್ಪೆ ಚರಟ ಮರೆಯೊಳಗೆಲ್ಲ ಸಿಕ್ಕಿಕೊಳ್ಳುತ್ತದೆ. ಸಾರಿಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಊರಲ್ಲೇ ಸಿಗುವುದನ್ನು ಊರಲ್ಲೇ

ತೊಳೆದ ಮೇಲೆ ಏನು ಉಳಿಯಿತು, ಏನು ಬೇಕು ಅಂತ ಪಟ್ಟಿ ಮಾಡಿ. ಈಗ ಮಾತ್ರ, ಮೊದಲಲ್ಲ. ಪಟ್ಟಿಯ ದೊಡ್ಡ ಭಾಗ ಮಾಮೂಲಿ ಸೈಕಲ್ ಅಂಗಡಿಯದ್ದೇ ಆಗಿರುತ್ತದೆ: ಬಾಲ್ಸ್, ಬ್ರೇಕ್ ಕೇಬಲ್, ಬ್ರೇಕ್ ಶೂ, ಚೈನು, ಟ್ಯೂಬು, ಕಡ್ಡಿಗಳು. 406 ಅಳತೆಯ ರಿಮ್ಮಾದರೆ ಮಕ್ಕಳ ಸೈಕಲ್ಲಿನ ಸಾದಾ ಟೈರೇ ಕೂರುತ್ತದೆ, ಕೆಲವು ನೂರು ರೂಪಾಯಿಯ ಮಾತು. ಹಳೇ ಕಾಲದ ವಿನ್ಯಾಸದ ಆಮದು ಟೈರಿಗೆ ಅದರ ಹಲವು ಪಟ್ಟು. ಓಡಿಸಲು ಊರಿನ ಟೈರು, ಫೋಟೋಗೆ ಆಮದು ಟೈರು ಅಂತ ಎರಡು ಜೊತೆ ಇಟ್ಟುಕೊಳ್ಳುವವರೂ ಇದ್ದಾರೆ. ನನಗೇನೋ ಅದು ಅತಿ ಅನ್ನಿಸುತ್ತದೆ.

ಬಾಲ್ಸ್ ಕೊಳ್ಳುವಾಗ ಹಳೆಯದೊಂದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ. ಒನ್ ಪೀಸ್ ಕ್ರ್ಯಾಂಕಿಗೆ 5/16 ಇಂಚಿನ ಬಾಲ್ಸ್, ಹಿಂದಿನ ಹಬ್ಬಿಗೆ 1/4, ಮುಂದಿನದಕ್ಕೆ 3/16 ಸಾಮಾನ್ಯ. ಒಂದು ಬಾಲ್ ಸವೆದಿದ್ದರೆ ಎಲ್ಲವನ್ನೂ ಬದಲಿಸಿ. ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಗಾಲಿ) ಕೂರಿಸುವಾಗ ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಬೇಕು. ತಿರುಗದಿದ್ದರೆ ಮರೆ ಬೇರೆ ಅಂತ ಅರ್ಥ, ಪಾನಾ ಹಾಕಬೇಡಿ.

ಸ್ಪಂಜಿನ ಪ್ಯಾಡ್‌ಗಳನ್ನು ಹೊರಗಿನಿಂದ ತರಿಸುವುದು ಸುಮ್ನೆ ದಂಡ. ಹಳೆಯದನ್ನು ಮಾದರಿಯಾಗಿ ಬೈಕ್ ಸೀಟ್ ಕವರ್ ಹೊಲಿಯುವವರಿಗೆ ಕೊಡಿ. ರೆಕ್ಸಿನ್, ಒಳಗೆ ಫೋಮು, ಅಂಚಿಗೆ ವೆಲ್ಕ್ರೋ. ಅವರಿಗೆ ಅರ್ಧ ಗಂಟೆಯ ಕೆಲಸ. ಸ್ಟಿಕರ್ ಕಥೆಯೂ ಹೀಗೇ. ಉಳಿದಿರುವ ಸ್ಟಿಕರ್ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದುಕೊಟ್ಟರೆ ವಾಹನಗಳ ಸ್ಟಿಕರ್ ಕತ್ತರಿಸುವ ಅಂಗಡಿಯವರು ಅದೇ ಅಳತೆಗೆ ಮಾಡಿಕೊಡುತ್ತಾರೆ. ಸೈಕಲ್ ಮಾರುವಾಗ ಮಾತ್ರ ಸ್ಟಿಕರ್ ಹೊಸದು ಅಂತ ಹೇಳಿಬಿಡಿ.

ಸಿಗದ ಸಣ್ಣ ಸಾಮಾನು, ಉದಾಹರಣೆಗೆ ಸೀಟ್ ಕಂಬದ ಕ್ಲ್ಯಾಂಪಿನ ಬೋಲ್ಟು, ಹಬ್ಬಿನ ಸ್ಪೇಸರ್, ಇಂಥವನ್ನು ಲೇತ್‌ನಲ್ಲಿ ಮಾಡಿಸಬಹುದು. ಒಂದೇ ಒಂದು ತುಂಡು ಮಾಡಲು ಮೆಷಿನ್ ಸೆಟ್ ಮಾಡುವ ಹೊತ್ತಿಗೇ ಕೂಲಿ ಆಗುತ್ತದೆ. ಆದ್ದರಿಂದ ಎಲ್ಲ ಲೇತ್ ಕೆಲಸವನ್ನೂ ಒಟ್ಟು ಹಾಕಿ, ಮಾದರಿ ಸಮೇತ ಒಂದೇ ಸಲ ಕೊಡಿ. ಮೆಷಿನ್ ಬಿಡುವಿದ್ದಾಗ ಮಾಡಿಕೊಡಿ ಅಂದರೆ ಬೆಲೆಯೂ ಇಳಿಯುತ್ತದೆ. ಆಕ್ಸಲ್, ಸ್ಟೆಮ್ ಬೋಲ್ಟಿನಂಥ ಭಾರ ತಡೆಯುವ ಭಾಗಗಳನ್ನು ಮಾತ್ರ ಸಾದಾ ಕಬ್ಬಿಣದಲ್ಲಿ ಮಾಡಿಸಬೇಡಿ, ಅವನ್ನು ರೆಡಿ ಸಿಗುವ ಕಡೆಯಿಂದಲೇ ಕೊಳ್ಳಿ.

ಹಳೇ ಬಿಡಿಭಾಗ ಹುಡುಕುವವರು ಗುಜರಿ ಅಂಗಡಿಗಳ ಸ್ನೇಹ ಬೆಳೆಸಬೇಕು. "ಅಣ್ಣಾ, ಚಿಕ್ಕ ಚಕ್ರದ್ದು ಯಾವ್ದಾದ್ರೂ ಬಂದ್ರೆ ಒಡೀಬೇಡಿ, ಒಂದು ಫೋನ್ ಮಾಡಿ" ಅಂತ ನಂಬರ್ ಕೊಟ್ಟು ಬನ್ನಿ. ತೂಕದ ರೇಟಿಗಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಮುಂದಿನ ಸಲ ಅವರೇ ನೆನಪಿಟ್ಟುಕೊಳ್ಳುತ್ತಾರೆ. ಬೆಂಗಳೂರಿನ ಭಾನುವಾರದ ಸಂಡೇ ಬಜಾರ್ ಕೂಡ ನೋಡಬಹುದು. ಅಲ್ಲಿ ಬೆಳಿಗ್ಗೆ ಬೇಗ ಹೋದವರಿಗೇ ಮಾಲು.

ಬಣ್ಣ ಮತ್ತು ಕ್ರೋಮ್

ಬಣ್ಣ ಹೊಡೆಸಲೇಬೇಕಾದರೆ ಪೌಡರ್ ಕೋಟಿಂಗ್ ಗಟ್ಟಿ, ದರವೂ ಹಿತ. ಪುಡಿ ಎರಚಿ, ಸುಮಾರು 180ರಿಂದ 200 ಡಿಗ್ರಿ ಬಿಸಿಯ ಓವನ್‌ನಲ್ಲಿ ಕರಗಿಸಿ ಕೂರಿಸುತ್ತಾರೆ. ಅದಕ್ಕೇ ಪ್ಲಾಸ್ಟಿಕ್ಕು, ರಬ್ಬರು, ಗ್ರೀಸು ಏನೂ ಉಳಿಯದ ಹಾಗೆ ಫ್ರೇಮ್ ಬರಿದು ಮಾಡಿ ಕೊಡಬೇಕು. ಕೊಡುವಾಗ ನಾಲ್ಕು ವಿಷಯ ಹೇಳಿ, ಬರೆದೂ ಕೊಡಿ. ಮರೆ ಇರುವ ಕಡೆಯೆಲ್ಲ ಮುಚ್ಚಬೇಕು. ಬೇರಿಂಗ್ ಕಪ್ ಕೂರುವ ಜಾಗಕ್ಕೆ ಬಣ್ಣ ಬೀಳಬಾರದು. ಬ್ಲಾಸ್ಟಿಂಗ್‌ಗೆ (ರಭಸದಿಂದ ಕಣ ಎರಚಿ ಹಳೇ ಬಣ್ಣ ತೆಗೆಯುವುದಕ್ಕೆ) ನುಣ್ಣನೆಯ ಕಣ ಬಳಸಬೇಕು, ಕ್ರೋಮೋಲಿ ಕೊಳವೆಯ ಗೋಡೆ ತೆಳು. ಸೀರಿಯಲ್ ನಂಬರ್ ಮೇಲೆ ದಪ್ಪ ಪದರ ಬೇಡ. ಒಂದು ಫ್ರೇಮಿಗಾಗಿ ಬೇರೆ ಬಣ್ಣದ ಪುಡಿ ತುಂಬಿಸಿದರೆ ದರ ಜಾಸ್ತಿ. ಅವತ್ತು ಬೇರೆಯವರ ಗೇಟಿಗೋ ಗ್ರಿಲ್ಲಿಗೋ ಹಾಕುತ್ತಿರುವ ಕಪ್ಪು, ಬಿಳಿ ನಿಮಗೂ ಒಪ್ಪುವುದಾದರೆ ಕಮ್ಮಿಯಲ್ಲಿ ಆಗುತ್ತದೆ.

ಕ್ರೋಮ್ ಬೇರೆಯೇ ಲೆಕ್ಕ. ಜನ ಅಂದುಕೊಳ್ಳುವ ಹಾಗೆ ಅದು ಒಂದು ಸಲ ಅದ್ದಿ ತೆಗೆಯುವ ಕೆಲಸವಲ್ಲ. ಹಳೇ ಕ್ರೋಮ್ ಆಸಿಡ್‌ನಲ್ಲಿ ತೆಗೆಯಬೇಕು, ತುಕ್ಕಿನ ಗುಳಿ ಹೋಗುವವರೆಗೆ ಉಜ್ಜಿ ಪಾಲಿಶ್ ಮಾಡಬೇಕು, ಬೇಕಾದರೆ ತಾಮ್ರದ ಪದರ, ಆಮೇಲೆ ನಿಕಲ್, ಕೊನೆಗೆ ಕೂದಲಿಗಿಂತ ಎಷ್ಟೋ ತೆಳುವಾದ ಕ್ರೋಮ್. ಹೊಳಪು ಬರುವುದು ಬಹುಪಾಲು ನಿಕಲ್ ಮತ್ತು ಪಾಲಿಶ್‌ನಿಂದ. ದುಡ್ಡು ಹೋಗುವುದೂ ಅಲ್ಲಿಗೇ. ಕೊಳವೆ ಕೊಳವೆ ಸೇರುವ ಮೂಲೆಗಳಲ್ಲಿ ಕೈಯಿಂದಲೇ ಉಜ್ಜಬೇಕು, ಆದ್ದರಿಂದ ಫ್ರೇಮಿನ ಕೂಲಿ ಹ್ಯಾಂಡಲ್ಲಿಗಿಂತ ಬಹಳ ಜಾಸ್ತಿ. ಇದರ ಮೇಲೆ ನಿಕಲ್ ಬೆಲೆಯ ಏರಿಳಿತ. 2022ರ ಮಾರ್ಚ್‌ನಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ನಿಕಲ್ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ನಿಲ್ಲಿಸಿದ್ದರು. ಆಮೇಲೆ ಇಳಿಯಿತು ಅನ್ನಿ. ಹಳೇ ವಿಧಾನದಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಅದರ ನೀರನ್ನು ಶುದ್ಧ ಮಾಡದೆ ಬಿಡುವಂತಿಲ್ಲ, ಆ ಖರ್ಚೂ ಬಿಲ್ಲಿಗೆ ಬರುತ್ತದೆ, ಬರಲೇಬೇಕು. ತೀರಾ ಅಗ್ಗಕ್ಕೆ ಮಾಡಿಕೊಡುತ್ತೇವೆ ಅನ್ನುವವರ ನೀರು ಯಾವ ಕೆರೆಗೆ ಹೋಗುತ್ತಿದೆ ಅಂತ ಒಮ್ಮೆ ಯೋಚಿಸಿ.

ಹೀಗಾಗಿ ಕ್ರೋಮ್ ಮಾಡಿಸುವುದಾದರೆ ಎದ್ದು ಕಾಣುವ ಹ್ಯಾಂಡಲ್, ಫೋರ್ಕ್ ಎರಡಕ್ಕೆ ನಿಲ್ಲಿಸಿ. ಸಣ್ಣ ತಿರುಪುಗಳ ಜಾಗದಲ್ಲಿ ಸ್ಟೇನ್‌ಲೆಸ್ ಹಾಕಬಹುದು. ಸ್ಪ್ರಿಂಗ್, ಆಕ್ಸಲ್, ಗಟ್ಟಿ ಮಾಡಿದ ಬೋಲ್ಟುಗಳನ್ನು ಪ್ಲೇಟಿಂಗ್‌ಗೆ ಕೊಡಲೇಬೇಡಿ. ಆಸಿಡ್ಡಿನ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದು ಪಟ್ಟಂತ ಮುರಿಯುವ ಹಾಗೆ ಮಾಡುತ್ತದೆ. ಪೀಣ್ಯಕ್ಕೆ ಹೋಗುವಾಗ ಕೊಟ್ಟ ಭಾಗಗಳ ಫೋಟೋ, ಎಣಿಕೆ ರಸೀದಿಯ ಮೇಲೇ ಬರೆಸಿಕೊಳ್ಳಿ. ಅಲ್ಲಿ ಸಾವಿರಾರು ತುಂಡುಗಳ ನಡುವೆ ನಿಮ್ಮ ಒಂದು ಕ್ಲ್ಯಾಂಪ್ ಕಳೆಯುವುದು ಸುಲಭ.

ಹೊರದೇಶದಿಂದ ತರಿಸುವುದಾದರೆ

ಇದನ್ನು ಕೊನೆಗೆ ಇಟ್ಟಿದ್ದೇ ಬೇಕಂತಲೇ. ಮೇಲಿನ ಎಲ್ಲ ಮುಗಿದ ಮೇಲೂ ಪಟ್ಟಿಯಲ್ಲಿ ಉಳಿದದ್ದನ್ನು ಮಾತ್ರ ತರಿಸಿ.

ಸುಂಕ ಲೆಕ್ಕ ಹಾಕುವುದು ಸಾಮಾನಿನ ಬೆಲೆಯ ಮೇಲೆ ಮಾತ್ರ ಅಲ್ಲ. ಸಾಗಣೆ ಮತ್ತು ವಿಮೆಯೂ ಸೇರಿದ ಮೊತ್ತದ ಮೇಲೆ. ಆಮೇಲೆ ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ನಿರ್ವಹಣಾ ಶುಲ್ಕ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಆರ್ಡರ್ ಮಾಡುವ ವಾರವೇ ನೋಡಿಕೊಳ್ಳಿ. ಪಾರ್ಸೆಲ್ ಮೇಲೆ "ಗಿಫ್ಟ್" ಅಂತ ಬರೆಸುವ ಹಳೇ ಚಾಲಾಕಿ ನಡೆಯುವುದಿಲ್ಲ. 2019ರ ಡಿಸೆಂಬರ್‌ನಲ್ಲೇ ಸರ್ಕಾರ ಅದನ್ನು ನಿಲ್ಲಿಸಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಫ್ರೀವೀಲ್ ಅನ್ನು ರಾಖಿ ಅಂತ ಒಪ್ಪಿಸುವುದು ಕಷ್ಟ. ಇನ್ನು ಬಳಸಿದ ಸಾಮಾನು: ಅದರ ಆಮದಿಗೇ ನಿರ್ಬಂಧ ಇದೆ, ಪರವಾನಗಿ ಬೇಕು. ಯಾರೋ ಹರಾಜಿನಲ್ಲಿ ಕೊಂಡ ಹಳೇ ಫ್ರೇಮ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ದುಡ್ಡೂ ಇಲ್ಲ, ಫ್ರೇಮೂ ಇಲ್ಲ. ಹಾಗಾಗಿ ಹಳೇ ಬಿಡಿಭಾಗಕ್ಕೆ ನಮ್ಮ ದೇಶದೊಳಗಿನ ಸಂಗ್ರಾಹಕರನ್ನೇ ಹುಡುಕಿ. ಹೊರಗಿನಿಂದ ಹೊಸದಾಗಿ ಮಾಡಿದ್ದನ್ನು ಮಾತ್ರ ತರಿಸಿ. ಅಂಥವು ಇವೆ. ಕ್ಯಾಲಿಫೋರ್ನಿಯಾದ ಸ್ಕೈವೇ ಕಂಪನಿ ಆ ಪ್ರಸಿದ್ಧ ಐದು ಕಡ್ಡಿಯ ಪ್ಲಾಸ್ಟಿಕ್ ಟಫ್ ವೀಲ್ ಅನ್ನು ಈಗಲೂ ಮಾಡಿ ಮಾರುತ್ತದೆ. ಒಂದು ಜೊತೆ ಚಕ್ರಕ್ಕೆ ನೂರಾರು ಡಾಲರ್.

ಚಕ್ರ ತರಿಸುವವರು ಇನ್ನೊಂದು ಲೆಕ್ಕ ನೋಡಬೇಕು. ಅನೇಕ ಅಂತರರಾಷ್ಟ್ರೀಯ ಕೊರಿಯರ್‌ಗಳು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. 55 x 55 x 15 ಡಬ್ಬ ಅಂದರೆ 9 ಕಿಲೋ ಅಂತ ಲೆಕ್ಕ, ಒಳಗಿನ ಚಕ್ರಗಳು ಅದರ ಅರ್ಧ ತೂಗಿದರೂ. ಗ್ರಿಪ್, ಪೆಡಲ್, ಸ್ಟೆಮ್ ಬೇಕಿದ್ದರೆ ಅದೇ ಡಬ್ಬದ ಖಾಲಿ ಜಾಗಕ್ಕೆ ತುಂಬಿಸಿ ಕಳಿಸಲು ಹೇಳಿ. ಊರಲ್ಲಿ ಇನ್ನಿಬ್ಬರು ಬಿಎಂಎಕ್ಸ್ ಹುಚ್ಚರು ಸಿಕ್ಕರೆ ಅವರ ಪಟ್ಟಿಯನ್ನೂ ಸೇರಿಸಿ ಸಾಗಣೆ ಹಂಚಿಕೊಳ್ಳಿ.

ಜೋಡಿಸಿ ಓಡಿಸುವುದು

ಬಣ್ಣ ಗಟ್ಟಿಯಾಗಲು ಕೆಲವು ದಿನ ಬಿಟ್ಟು ಜೋಡಣೆ ಶುರು ಮಾಡಿ. ಎಲ್ಲ ಮರೆಗೂ ಗ್ರೀಸ್, ಸೀಟ್ ಕಂಬಕ್ಕೂ ಗ್ರೀಸ್. ಕೋನ್ ಬಿಗಿಸುವಾಗ ಚಕ್ರ ಸಲೀಸಾಗಿ ತಿರುಗಬೇಕು, ಅಲುಗಾಡಬಾರದು. ಚಕ್ರದ ಬೆಂಡ್ ತೆಗೆಯುವ ಕೆಲಸ ಮಾತ್ರ ಹಳೇ ಸೈಕಲ್ ಮೆಕ್ಯಾನಿಕ್‌ಗೆ ಬಿಡಿ. ಕಡ್ಡಿ ಬಿಗಿಸುವ ಕೈಹದ ವಿಡಿಯೋ ನೋಡಿ ಬರುವುದಿಲ್ಲ, ಅವರು ಕೇಳುವ ಕೂಲಿಯೂ ಕಮ್ಮಿ.

ಮೊದಲ ದಿನ ಸಮತಟ್ಟಾದ ಮೈದಾನದಲ್ಲಿ ಓಡಿಸಿ. ಹ್ಯಾಂಡಲ್ ಹಿಡಿದು, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಇಟ್ಟು ತಿರುಚಿ ನೋಡಿ, ಸ್ಟೆಮ್ ಜಾರಬಾರದು. ಕುಳಿತು ಬ್ರೇಕ್ ಪೂರ್ತಿ ಒತ್ತಿ, ಲಿವರ್ ಹ್ಯಾಂಡಲ್ಲಿಗೆ ತಾಗಬಾರದು. ಹೊಸ ಕೇಬಲ್ ಮೊದಲ ಕೆಲವು ದಿನ ಹಿಗ್ಗುತ್ತದೆ, ಮತ್ತೆ ಬಿಗಿಸಬೇಕಾಗುತ್ತದೆ. ಒಂದಷ್ಟು ಕಿಲೋಮೀಟರ್ ಓಡಿದ ಮೇಲೆ ಕಡ್ಡಿ, ಕೋನ್, ಕ್ರ್ಯಾಂಕಿನ ನಟ್ಟು ಮತ್ತೊಮ್ಮೆ ನೋಡಿ. ಹೊಸದಾಗಿ ಕೂರಿಸಿದ್ದು ಒಂದಿಷ್ಟು ಸಡಿಲವಾಗಿಯೇ ಇರುತ್ತದೆ. ಫೋರ್ಕಿನ ವೆಲ್ಡಿಂಗ್ ಹತ್ತಿರ ಟಾರ್ಚ್ ಹಾಕುವುದನ್ನೂ ಮರೆಯಬೇಡಿ. ದೇವರಾಯನದುರ್ಗದ ಇಳಿಜಾರಿನ ಆಸೆ ಏನಿದ್ದರೂ ಇದಾದ ಮೇಲೆ, ಅದೂ ಮುಂದೆ ಹಿಂದೆ ಎರಡೂ ಬ್ರೇಕ್ ಇದ್ದರೆ, ತಲೆಗೆ ಹೆಲ್ಮೆಟ್ ಇದ್ದರೆ.